ಅದು ಸೈಡ್‌ಕಾರಿನ ಕೊಂಡಿ ಅಲ್ಲ

ಹೊಸಪೇಟೆಯ ಒಂದು ಟಯರ್ ಅಂಗಡಿಯ ಗೋಡೆಯ ಮೇಲೆ ನಮ್ಮ ಮೋಟರ್ ಸೈಕಲ್ಲಿನ ಫೋಟೊ ಇದೆ. ಗಾಜು ಹಾಕಿಸಿ, ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಕೆಳಗೆ ದುಂಡಗೆ ಬರೆಸಿದ್ದಾರೆ: ‘ಇಟಲಿ ದೇಶದ ಗಾಡಿ. ಬಲಬದಿಯಲ್ಲಿ ಸೈಡ್‌ಕಾರ್ ಜೋಡಿಸುವ ಮೂಲ ಕೊಂಡಿ ಸಹಿತ.’ ಮೊಮ್ಮಗಳು ತನ್ನ ಸ್ಕೂಟಿಗೆ ಟಯರ್ ಹಾಕಿಸಲು ಹೋದವಳು ಇದನ್ನು ಓದಿಕೊಂಡು ಬಂದಳು.

“ಅಜ್ಜೀ, ನಮ್ಮ ಗಾಡಿಗಿ ಸೈಡ್‌ಕಾರ್ ಇತ್ತಂತಲ್ಲ? ನೀ ಒಮ್ಮಿನೂ ಹೇಳಿಲ್ಲ!”

ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದದ್ದು ಕರಕಲಾಯಿತು. ಇಪ್ಪತ್ತು ವರ್ಷದ ಮೇಲಾಯಿತು, ಆ ಸುಳ್ಳು ಇನ್ನೂ ಗೋಡೆ ಬಿಟ್ಟು ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನ ಅಕ್ಷರ ದೊಡ್ಡದು, ಸಾಲು ಓರೆ. ಇರಲಿ. ಆ ಗೋಡೆಯ ಮೇಲಿನ ಅಕ್ಷರ ನೆಟ್ಟಗಿದ್ದು ಏನು ಬಂತು?

ಅದು ಸೈಡ್‌ಕಾರಿನ ಕೊಂಡಿ ಅಲ್ಲ. ಬದಿಗೆ ಜೋಡಿಸುವ ಅಂಥ ಡಬ್ಬಿ ನಮ್ಮ ಗಾಡಿಗೆ ಎಂದೂ ಇರಲಿಲ್ಲ. ನಾನು ಕಾಲಿಟ್ಟು ಕೂರಲು ಮಾಡಿದ್ದು ಆ ಕೊಂಡಿ.

ನಮ್ಮ ಯಜಮಾನರು ಮುನಿರಾಬಾದಿನ ಡ್ಯಾಮ್ ಕಾಲನಿಯಲ್ಲಿ ಫಿಟ್ಟರ್ ಆಗಿದ್ದರು. ಆ ಗಾಡಿಯನ್ನು ಯಾವುದೋ ಕಾಲದಲ್ಲಿ ಪರದೇಶದ ಇಂಜಿನಿಯರ್ ಒಬ್ಬ ತಂದಿದ್ದನಂತೆ. ಊರಿಗೆ ಹೋಗುವಾಗ ಅವನು ಯಾರಿಗೋ ಕೊಟ್ಟ, ಅವರು ಇನ್ನಾರಿಗೋ ಕೊಟ್ಟರು. ಕಡೆಗೆ ಅದು ಒಂದು ಬೇವಿನ ಗಿಡದ ಕೆಳಗೆ ಕೋಳಿ ಕೂರುವ ವಸ್ತುವಾಗಿ ನಿಂತಿತ್ತು. ಯಜಮಾನರು ಅದನ್ನು ನೂಕಿಕೊಂಡು ಮನೆಗೆ ತಂದರು. ಆಗ ನನ್ನ ಮಗಳು ಇನ್ನೂ ಕೂಸು.

“ಕ್ವಾರ್ಟರ್ಸಿನಾಗ ತೊಟ್ಲಾ ಕಟ್ಟಾಕ ಜಾಗ ಇಲ್ಲ. ಇದನ್ನೆಲ್ಲಿ ಇಡ್ತೀರಿ?” ಅಂದೆ.

“ತೊಟ್ಲಾ ಇದಕ್ಕ ಕಟ್ಟು” ಅಂದರು. ಅಂಥ ಮನುಷ್ಯ.

ಒಂದು ಮಳೆಗಾಲ ಕಳೆಯುವುದರೊಳಗೆ ಅದನ್ನು ಓಡಿಸಿದರು. ಓಡಿದ ಮೇಲೆ ನನ್ನನ್ನು ಹಿಂದೆ ಕೂರಿಸುವುದು ಹೇಗೆ ಎಂಬ ಮಾತು ಬಂತು. ನಮ್ಮ ಕಡೆ ಸೀರೆ ಉಟ್ಟ ಹೆಂಗಸು ಎರಡೂ ಕಾಲನ್ನು ಎಡಗಡೆ ಇಳಿಬಿಟ್ಟು ಕೂರುತ್ತಾಳೆ. ಕಾಲಿಗೆ ಆಸರೆಯಾಗಿ ಅಲ್ಲೊಂದು ಕಬ್ಬಿಣದ ಹಲಗೆ ಇರುತ್ತದೆ. ಇಟಲಿಯವರು ಅದನ್ನು ಕೊಟ್ಟಿರಲಿಲ್ಲ. ಅವರ ಹೆಂಗಸರು ಹೇಗೆ ಕೂರುತ್ತಾರೋ ನನಗೆ ಗೊತ್ತಿಲ್ಲ. ಯಜಮಾನರು ತಾವೇ ಒಂದು ಹಲಗೆ ಮಾಡಿ ಎಡಗಡೆಗೆ ಬಿಗಿದರು. ಬಿಗಿದು, ಗಾಡಿ ಚಾಲೂ ಮಾಡಲು ಕಿಕ್ ಹೊಡೆದರು. ಕಿಕ್ ಹೋಗಿ ಹಲಗೆಗೆ ಬಡಿಯಿತು, ತಿರುಗಿ ಬಂದು ಅವರ ಮೀನಖಂಡಕ್ಕೆ ಬಡಿಯಿತು. ಬೇರೆ ಗಾಡಿಗಳಿಗೆ ಕಿಕ್ ಬಲಗಡೆ ಇದ್ದರೆ ಈ ಗಾಡಿಗೆ ಎಡಗಡೆ ಇತ್ತು.

ಬೇರೆ ಯಾರೇ ಆಗಿದ್ದರೂ ಕಿಕ್ಕಿಗೋ ಹಲಗೆಗೋ ಏನಾದರೂ ಉಪಾಯ ಮಾಡುತ್ತಿದ್ದರು. ನಮ್ಮ ಯಜಮಾನರು ನನ್ನನ್ನು ತಿರುಗಿಸಿದರು.

“ನೀ ಈ ಕಡಿ ಕುಂದ್ರು” ಅಂತ ಬಲಗಡೆ ತೋರಿಸಿದರು.

“ಮಂದಿ ಏನಂತಾರ?”

“ಮಂದಿ ನಿನ್ನ ಕಾಲ ನೋಡ್ತಾರೇನು? ಗಾಡಿ ನೋಡ್ತಾರ.”

ಬಲಗಡೆ ಸೈಲೆನ್ಸರ್ ಹಾದು ಹೋಗುತ್ತದೆ. ಕಾಯ್ದ ಹಂಚಿನಂತೆ ಸುಡುತ್ತದೆ. ಅದನ್ನು ದಾಟಿ ಹೊರಗೆ ಬರುವ ಹಾಗೆ, ಜೀಪಿನ ಕಮಾನಿನ ಹಳೆಯ ಪಾಟಾ ಒಂದನ್ನು, ಅಂದರೆ ದಪ್ಪ ಉಕ್ಕಿನ ಪಟ್ಟಿಯನ್ನು, ಕಾಸಿ, ಬಗ್ಗಿಸಿ, ಗಾಡಿಯ ಮೈಗೆ ತೂತು ಕೊರೆದು ಬಿಗಿದರು. ಅದೇ ಆ ಕೊಂಡಿ. ಅದರ ಮೇಲೆ ಕೂರಿಸಲು ಒಂದು ಕಬ್ಬಿಣದ ಹಲಗೆ, ಜಾರದಂತೆ ಉಬ್ಬು ಗೆರೆ ಇರುವಂಥದ್ದು, ಗುಜರಿಯಲ್ಲಿ ಹುಡುಕಿ ತಂದರು. ಗಾಡಿಗೆ ಹೊಡೆದ ಕೆಂಪು ಬಣ್ಣವನ್ನೇ ಕೊಂಡಿಗೂ ಹೊಡೆದರು.

“ಇಷ್ಟ ದಪ್ಪ ಪಾಟಾ ಯಾಕ್ರಿ?” ಅಂತ ಕೇಳಿದ್ದಕ್ಕೆ, “ನಿನ್ನ ತೂಕಕ್ಕ ಜೀಪಿಂದ ಬೇಕು” ಅಂದರು.

“ನಿಮ್ಮವ್ವ ನನಗ ಹಾಕಿದ ರೊಟ್ಟಿ ನೋಡಿದ್ರ ಸೈಕಲ್ ಕಡ್ಡಿ ಸಾಕಿತ್ತು” ಅಂದೆ. ಅತ್ತೆ ಒಳಗಿದ್ದರು, ಕೇಳಿಸಲಿ ಅಂತಲೇ ಅಂದೆ.

ಎಡಗಡೆ ಕೂತ ಹೆಂಗಸಿಗೆ ಬೇಲಿ, ಹೊಲ, ಮೇಯುವ ಎಮ್ಮೆ ಕಾಣುತ್ತವೆ. ನನಗೆ ಕಂಡದ್ದು ಎದುರಿನಿಂದ ಬರುವ ಲಾರಿಗಳು. ಲಾರಿಯ ಮೂತಿ, ಡ್ರೈವರನ ಹಲ್ಲು, ಬಾಗಿಲಿಗೆ ಜೋತುಬಿದ್ದ ಕ್ಲೀನರ್ ಉಗುಳುವ ಎಲೆಅಡಿಕೆ. ಅವುಗಳ ಧೂಳೆಲ್ಲ ನನ್ನ ಬಾಯಿಗೆ. ಒಂದು ಕೈಯಲ್ಲಿ ತಲೆಯ ಮೇಲಿನ ಸೆರಗು, ಇನ್ನೊಂದು ಕೈಯಲ್ಲಿ ಕೂಸು. ಇಳಿಯುವಾಗ ಊರಿನ ಹೆಂಗಸರೆಲ್ಲ ರಸ್ತೆಯ ಅಂಚಿಗೆ ಇಳಿದರೆ ನಾನು ರಸ್ತೆಯ ನಡುವೆ ಇಳಿಯಬೇಕು. ಗಂಗಾವತಿ ಬಸ್ ಸ್ಟ್ಯಾಂಡಿನ ಮುಂದೆ ಕಾಯಿಪಲ್ಲೆ ಮಾರುವ ಹೆಂಗಸೊಬ್ಬಳು ಕೂಗಿದಳು: “ಏ, ನೋಡ್ರೆವಾ! ಉಲ್ಟಾ ಕುಂತಾಳ! ಗಂಡನ ಜೋಡಿ ಜಗಳಾಡಿ ಬಂದಾಳೇನ!”

“ಹೌದವಾ, ಜಗಳಾಡೇ ಬಂದೀನಿ. ಬಿಡಸಾಕ ನೀ ಬರ್ತಿಯೇನು?” ಅಂದೆ. ಆಮೇಲೆ ಅವಳ ಹತ್ತಿರವೇ ಬದನೆಕಾಯಿ ಕೊಂಡೆ. ಹುಳುಕು ಬಂದವು.

ಒಂದು ಸಲ ಸೈಲೆನ್ಸರ್ ತಗುಲಿ ಇಳಕಲ್ ಸೀರೆಯ ಅಂಚು ಸುಟ್ಟಿತು, ಹಿಮ್ಮಡಿಯ ಮೇಲೆ ಬೊಬ್ಬೆ ಬಂತು. ಕಲೆ ಈಗಲೂ ಇದೆ. ಆಮೇಲೆ ಅವರು ನಡುವೆ ಒಂದು ತಗಡಿನ ಮರೆ ಕಟ್ಟಿದರು. ಮೊದಲೇ ಕಟ್ಟಬಾರದಿತ್ತೆ? ಕೇಳಿದರೆ, ಮೊದಲು ಎಲ್ಲಿ ಸುಡುತ್ತದೆ ಅಂತ ಗೊತ್ತಾಗಬೇಕಲ್ಲ ಅಂದರು. ನೋಡಿ, ಹೀಗೆ ಬಯ್ದು, ಸುಟ್ಟುಕೊಂಡು, ಧೂಳು ತಿಂದು ಆ ಜಾಗ ನನ್ನದಾಯಿತು. ಈಗಲೂ ಬೇರೆಯವರ ಗಾಡಿಯಲ್ಲಿ ಎಡಗಡೆ ಕೂತರೆ ನನಗೆ ಹಿಂದಕ್ಕೆ ಬೀಳುವಂತಾಗುತ್ತದೆ.

ಕ್ಲಚ್ ಸುಟ್ಟುಹೋದ ವರ್ಷ ಗಾಡಿ ನಿಂತಿತು. ನಮ್ಮ ಕಡೆ ಅದಕ್ಕೆ ಸಾಮಾನು ಸಿಗುವುದಿಲ್ಲ. ಗೋಣಿತಟ್ಟು ಹೊದಿಸಿ ಮೂಲೆಗೆ ಇಟ್ಟರು. ಹಲಗೆಯನ್ನು ಮಾತ್ರ ನಾನು ಬಿಚ್ಚಿಸಿಕೊಂಡೆ. ಬಚ್ಚಲದಲ್ಲಿ ಹಾಕಿ ಅದರ ಉಬ್ಬು ಗೆರೆಗೆ ಹಿಮ್ಮಡಿ ಉಜ್ಜುತ್ತಿದ್ದೆ. ಅಂಥ ಉಜ್ಜುಗಲ್ಲು ಯಾವ ಸಂತೆಯಲ್ಲಿಯೂ ಸಿಗುವುದಿಲ್ಲ.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಯಜಮಾನರಿಗೆ ನಿವೃತ್ತಿಯಾಯಿತು. ಕ್ವಾರ್ಟರ್ಸ್ ಬಿಟ್ಟು ಹಿಟ್ನಾಳದ ನಮ್ಮ ಎರಡು ಕೋಣೆಯ ಮನೆಗೆ ಬಂದೆವು. ಮನೆಗೆ ಬಂದ ಮೊದಲ ವಾರವೇ ಅವರು ಗಾಡಿ ಬಿಚ್ಚಿದರು. ಒಂದೊಂದು ಭಾಗದ ಸಾಮಾನು ಬೆರೆಯಬಾರದಂತೆ. ಇಂಜಿನ್ನಿನದು ನನ್ನ ದೊಡ್ಡ ಗಂಗಾಳದಲ್ಲಿ, ಗೇರಿನದು ಪರಾತದಲ್ಲಿ, ಸಣ್ಣ ಸ್ಪ್ರಿಂಗು ವಾಷರ್ ಎಲ್ಲ ಜೋಳ ಹಸನು ಮಾಡುವ ಮರದಲ್ಲಿ. ಸೀಮೆಎಣ್ಣೆ ಹಾಕಿ ಅವನ್ನೆಲ್ಲ ತಿಕ್ಕಿದವಳು ನಾನು. ಮಾಳಿಗೆಯ ಮೇಲೆ ಒಂದು ಹೊರಸಿನಲ್ಲಿ ಮೆಣಸಿನಕಾಯಿ, ಇನ್ನೊಂದರಲ್ಲಿ ಗೇರಿನ ಹಲ್ಲುಗಾಲಿ ಒಣಗುತ್ತಿದ್ದವು. ಆ ವರ್ಷದ ಖಾರಪುಡಿಯ ತುಂಬ ಸೀಮೆಎಣ್ಣೆಯ ವಾಸನೆ. ನನ್ನ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಇಂಜಿನ್ನಿನ ಗ್ಯಾಸ್ಕೆಟ್ ಮಾಡಿದರು. ಅಮಾವಾಸ್ಯೆ ಎಂದು ಅಂತ ಪಕ್ಕದ ಮನೆಗೆ ಹೋಗಿ ಕೇಳುವ ಹಾಗಾಯಿತು.

ಬಯ್ದೆ. ಆದರೆ ತಿಕ್ಕಿದೆ. ಯಾಕೆಂದರೆ ಒಂದು ಮಾತು ಕೊಟ್ಟಿದ್ದರು. ಮಗಳನ್ನು ತಾವರಗೇರಾಕ್ಕೆ ಕೊಟ್ಟಿದ್ದೆವು. ಅಲ್ಲಿಗೆ ಹೋಗಬೇಕೆಂದರೆ ಕುಷ್ಟಗಿಯಲ್ಲಿ ಬಸ್ಸು ಬದಲಿಸಬೇಕು, ಮುಂದಿನ ಬಸ್ಸು ಬರುವುದು ಆ ಬಸ್ಸಿನ ಮರ್ಜಿ. “ಗಾಡಿ ಎದ್ದ ದಿನ ಮೊದಲ ಸವಾರಿ ನಿಂದು, ತಾವರಗೇರಾಕ್ಕ” ಅಂದಿದ್ದರು. ಒಂದು ಸಲವಲ್ಲ, ಹಿತ್ತಾಳೆ ಬುಶ್ ತಿಕ್ಕಿಸುವಾಗಲೆಲ್ಲ ಅಂದಿದ್ದರು. ನನಗೆ ಬೇಕಾಗಿದ್ದುದು ಅಷ್ಟೇ. ನನ್ನ ಜಾಗದಲ್ಲಿ ಕೂತು ಮಗಳ ಮನೆ ಬಾಗಿಲಿಗೆ ಇಳಿಯಬೇಕು.

ಸಾಮಾನು ಹುಡುಕುವುದರಲ್ಲಿ ಎರಡು ವರ್ಷ ಹೋಯಿತು. ಯಲಬುರ್ಗಾದ ಗುಜರಿ, ಕುಷ್ಟಗಿಯ ಗುಜರಿ, ಎಲ್ಲ ತಿರುಗಿದರು. ಇಟಲಿಯ ಬೋಲ್ಟಿಗೆ ನಮ್ಮ ನಟ್ಟು ಕೂರುವುದಿಲ್ಲ. ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಅವರ ಅಳತೆಯೇ ಬೇರೆ. ನಮ್ಮ ಮಿಸ್ತ್ರಿಗಳು ಸೂತಿನ ಲೆಕ್ಕದಲ್ಲಿ ಮಾತಾಡುತ್ತಾರೆ, ಸೂತೆಂದರೆ ಅಂಗುಲದ ಎಂಟನೆಯ ಪಾಲು. ಇಟಲಿಯವರದು ಮಿಲಿಮೀಟರ್. ಹಾಗಾಗಿ ಸಿಗದ ಸಾಮಾನನ್ನೆಲ್ಲ ಗಂಗಾವತಿಯ ಲೇಥ್ ಮಿಸ್ತ್ರಿಯೊಬ್ಬರ ಹತ್ತಿರ ಕಡೆಸಿದರು. ಅಕ್ಕಿ ಗಿರಣಿಗಳ ಕೆಲಸ ಮಾಡುವ ಸಾಹೇಬರು ಅವರು, ಯಜಮಾನರನ್ನು ಉಸ್ತಾದ್ ಅನ್ನುತ್ತಿದ್ದರು, ನನ್ನನ್ನು ಭಾಭಿ ಅನ್ನುತ್ತಿದ್ದರು. “ಭಾಭಿ, ಈ ಗಾಡಿ ಎದ್ದ ಮ್ಯಾಲೆ ಉಸ್ತಾದ್ ಊಟಾನೂ ಅದರ ಮ್ಯಾಲೇ ಮಾಡ್ತಾರ ನೋಡ್ರಿ” ಅನ್ನುತ್ತಿದ್ದರು. “ಮಾಡಲಿ, ನನಗ ತಾಟ ತಿಕ್ಕೂದು ತಪ್ಪತೈತಿ” ಅನ್ನುತ್ತಿದ್ದೆ.

ಎಲ್ಲ ಆಯಿತು, ಕಾರ್ಬೊರೇಟರ್ ಒಂದು ಉಳಿಯಿತು. ಅದನ್ನು ಲೇಥಿನಲ್ಲಿ ಕಡೆಯಲು ಆಗುವುದಿಲ್ಲವಂತೆ. ಆಗ ಯಾರೋ ಹೇಳಿ ಕಳಿಸಿದರು, ಸಾಹುಕಾರ ಬಂದ.

ಈ ಸಾಹುಕಾರನೇ ಆ ಟಯರ್ ಅಂಗಡಿಯವನು. ಹಳೆಯ ಗಾಡಿಗಳ ಹುಚ್ಚು ಹಿಡಿದವನು, ಮನೆಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ. ಬಿಳಿ ಅಂಗಿ, ಕೈಯಲ್ಲಿ ಚಿತ್ರದ ಒಂದು ದಪ್ಪ ಪುಸ್ತಕ. ಇಟಲಿ ಗಾಡಿಯ ಒಂದೊಂದು ಸಾಮಾನನ್ನೂ ಬಿಚ್ಚಿ ಗಾಳಿಯಲ್ಲಿ ತೂಗುಬಿಟ್ಟಂಥ ಚಿತ್ರಗಳು, ಪ್ರತಿಯೊಂದಕ್ಕೂ ಒಂದು ನಂಬರು. ಅಂಗಳದಲ್ಲಿ ಹೊರಸಿನ ಮೇಲೆ ಪುಸ್ತಕ ಬಿಚ್ಚಿ, ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಸಾಮಾನು ಮುಟ್ಟುವುದು, ಪುಸ್ತಕ ನೋಡುವುದು.

“ಇದು ಇಟಲಿದು. ಇದೂ ಇಟಲಿದು. ಇದು… ಪಂಪ್‌ಸೆಟ್ಟಿಂದು, ತಗೀರಿ. ಈ ಹಾರ್ನ್ ಟ್ರ್ಯಾಕ್ಟರಿಂದು, ತಗೀರಿ. ಇದೇನ್ರಿ, ಸೈಲೆನ್ಸರಿಗೆ ತಗಡ? ಇದನ್ಯಾರ ಹಾಕಿದ್ರು? ಕಸ.”

ನನ್ನ ಕಾಲು ಸುಡದಂತೆ ಕಟ್ಟಿದ ಮರೆ ಅದು. ಅವನು ಕಿತ್ತು ಎಸೆದ. ಬೇಲಿಯ ಕಡೆ ಕಸದ ಗುಂಪು ಬೆಳೆಯಿತು. ಸರಪಳಿಗೆ ನನ್ನ ಸೀರೆ ಸಿಗದಂತೆ ಮಾಡಿದ ಜಾಳಿಗೆ, ಹಿಡಿದುಕೊಳ್ಳಲು ಹಾಕಿಸಿದ ಹಿಡಿಕೆ, ಎಲ್ಲ ಅಲ್ಲಿಗೇ. ಯಜಮಾನರು ಒಂದೊಂದನ್ನೂ ತಾವೇ ಬಿಚ್ಚಿ ಕೊಡುತ್ತಿದ್ದರು. ತಾವು ಮಾಡಿದ್ದನ್ನೇ! ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಸಾಹುಕಾರ ಬಲಗಡೆಯ ಕೊಂಡಿಗೆ ಬಂದ. ಮುಟ್ಟಿದ. ಪುಸ್ತಕ ನೋಡಿದ. ಹಾಳೆ ತಿರುವಿದ. ಪುಸ್ತಕದಲ್ಲಿ ಇಲ್ಲ. ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದ, ಹಳೆಯ ಬಣ್ಣವೇ.

“ಮಿಸ್ತ್ರಿಯವರ, ನಮ್ಮ ದೇಶದಾಗ ಸೈಡ್‌ಕಾರ್ ಯಾವ ಕಡಿ ಹಾಕ್ತಾರ?”

“ಎಡಕ್ಕರಿ” ಅಂದರು ಯಜಮಾನರು.

“ಯಾಕ? ನಾವು ರಸ್ತಾದಾಗ ಎಡಕ್ಕ ಹೋಗ್ತೀವಿ. ಇಟಲಿಯಾಗ ಎಲ್ಲಾರೂ ಬಲಕ್ಕ ಹೋಗ್ತಾರ. ಅಲ್ಲಿ ಸೈಡ್‌ಕಾರ್ ಬಲಕ್ಕ! ಇದು ಅಲ್ಲೇ ಹಾಕಿ ಕಳಿಸಿದ್ದು. ಸೈಡ್‌ಕಾರಿನ ಕೊಂಡಿ!” ಅವನ ಮುಖ ಹಿಗ್ಗಿ ಪೂರಿಯಾಯಿತು. “ಇಂಥಾ ಗಾಡಿ ನಾ ಎಲ್ಲೂ ಕಂಡಿಲ್ಲ.”

“ಅದು ನಂದ್ರಿ” ಅಂದೆ ನಾನು. “ನಾ ಕಾಲಿಡೂದು.”

ಅವನು ನನ್ನತ್ತ ತಿರುಗಿ ನಕ್ಕ. ಸಿಟ್ಟಿನ ನಗೆಯಲ್ಲ, ಕೂಸಿಗೆ ನಗುವಂಥ ನಗೆ. “ಅಮ್ಮಾರ, ಹೆಣ್ಣಮಕ್ಕಳ ಕಾಲಹಲಗಿ ಎಡಕ್ಕ ಇರ್ತೈತಿ. ಬಲಕ್ಕ ಯಾರ ಕುಂದ್ರತಾರ್ರಿ?”

“ನಾ ಕುಂದ್ರತೀನಿ. ಕೇಳ್ರಿ ಇವ್ರನ್ನ.”

ಸಾಹುಕಾರ ಯಜಮಾನರನ್ನು ನೋಡಿದ. ನಾನೂ ನೋಡಿದೆ. ಆ ಪಾಟಾ ಕಾಸಿದವರು, ಬಗ್ಗಿಸಿದವರು, ಬಣ್ಣ ಹೊಡೆದವರು ಅವರೇ. ಅವರು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

“ಸೈಡ್‌ಕಾರಿಂದ ಇರಬಹುದ್ರಿ” ಅಂದರು.

ಚಹಾದ ಲೋಟ ಅಲ್ಲೇ ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದೆ. ನನ್ನನ್ನು ನನ್ನ ಅಂಗಳದಲ್ಲಿ, ನನ್ನ ಗಂಡನ ಎದುರು, ಬೇರೆ ಊರಿನವನು ಇಲ್ಲ ಅನ್ನಿಸಿಬಿಟ್ಟ. ಹತ್ತಾರು ವರ್ಷ ಗಂಗಾವತಿ, ಕೊಪ್ಪಳ, ಹೊಸಪೇಟೆ ಅಂತ ಲಾರಿಗೆ ಮುಖಕೊಟ್ಟು ಕೂತವಳು ಯಾರು ಹಾಗಾದರೆ? ಇಟಲಿಯ ಡಬ್ಬಿಯೇ?

ಅವನು ಹೋದ ಮೇಲೆ ಯಜಮಾನರನ್ನು ಹಿಡಿದುಕೊಂಡೆ.

“ಯಾಕ ಸುಳ್ಳ ಹೇಳಿದ್ರಿ?”

“ನಾ ಎಲ್ಲಿ ಹೇಳಿನಿ? ಇರಬಹುದು ಅಂದೆ.”

“ನೀವ ಬಡದದ್ದು, ಇರಬಹುದೇನು?”

“ಕಾರ್ಬೊರೇಟರ್ ಕೊಡ್ತೀನಂದಾನ. ಇಟಲಿದು, ನಂಬರ್ ಕೂಡಿದ್ದು. ನಾ ಎಲ್ಲಿ ಹುಡುಕಲಿ ಅದನ್ನ? ಕೊಪ್ಪಳದಾಗ ಹಳೇ ಗಾಡಿಗೋಳ ಪ್ರದರ್ಶನ ಇಡ್ತಾನಂತ, ಅಲ್ಲಿ ನಿಲ್ಲಸಬೇಕಂತ, ಅಷ್ಟ.”

“ಹಂಗಂದ್ರ ಕಾರ್ಬೊರೇಟರಿಗೆ ನನ್ನ ಕಾಲ ಕೊಟ್ರಿ.”

ಅವರು ಕಸದ ಗುಂಪಿನಿಂದ ಆ ತಗಡಿನ ಮರೆ ಎತ್ತಿ ತಂದು ಕೋಣೆಯಲ್ಲಿ ಇಟ್ಟರು. ಅದನ್ನು ನೋಡಿದೆ, ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಆ ದಿನ ಅವರಿಗೆ ಬರೀ ರೊಟ್ಟಿ, ಉಳ್ಳಾಗಡ್ಡಿ. ಪಲ್ಯ ಮಾಡಿದ್ದೆ, ಹಾಕಲಿಲ್ಲ.

ಕಾರ್ಬೊರೇಟರ್ ಬಂತು, ಗಾಡಿ ಎದ್ದಿತು. ಅದರ ಸದ್ದು ಕೇಳಿ ಓಣಿಯವರೆಲ್ಲ ಬಂದು ನಿಂತರು. ಒಳ್ಳೆಯ ಸದ್ದು, ಅದನ್ನು ಇಲ್ಲ ಅನ್ನುವುದಿಲ್ಲ. ನಾನು ಸೆರಗು ಹೊದ್ದುಕೊಂಡು ಹೊರಗೆ ಬಂದೆ. ಮಗಳಿಗೆ ಅಂತ ಶೇಂಗಾ ಹೋಳಿಗೆ ಬುತ್ತಿ ಕಟ್ಟಿಟ್ಟಿದ್ದೆ.

“ಈಗ ಬ್ಯಾಡ” ಅಂದರು. “ಪ್ರದರ್ಶನ ಆಗೂತನಕ ಹಿಂದ ಯಾರೂ ಕುಂದ್ರಬಾರದಂತ. ಸಾಹುಕಾರ ಹೇಳ್ಯಾನ. ಹಿಂದಿನ ಸ್ಪ್ರಿಂಗ್ ಹಳೇವು.”

“ನಾನೂ ಹಳೇಕ್ಯ. ನನ್ನ ಬಗ್ಗೆ ಸಾಹುಕಾರ ಏನ ಹೇಳ್ಯಾನ?”

ಅವರು ಒಬ್ಬರೇ ಒಂದು ಸುತ್ತು ಹೋಗಿ ಬಂದರು. ಹೋಳಿಗೆಯನ್ನು ಓಣಿಯ ಹುಡುಗರಿಗೆ ಹಂಚಿದೆ, ಅವರಿಗೆ ಒಂದೂ ಉಳಿಸಲಿಲ್ಲ.

ಪ್ರದರ್ಶನದ ದಿನ ಅವರು ಬೆಳಿಗ್ಗೆ ಎದ್ದು ಗಾಡಿ ಹತ್ತಿ ಕೊಪ್ಪಳಕ್ಕೆ ಹೋದರು. ಬಾ ಅನ್ನಲಿಲ್ಲ, ಅಂದರೂ ಎಲ್ಲಿ ಕೂರಿಸುತ್ತಿದ್ದರು? ನಾನು ಬಚ್ಚಲಕ್ಕೆ ಹೋಗಿ ಹಲಗೆಯನ್ನು ಎತ್ತಿದೆ. ಸಬಕಾರದ ಜಿಡ್ಡು ತಿಕ್ಕಿ ತೊಳೆದೆ. ಸಂತೆಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ನಿಂತೆ. ಬಸ್ಸು ಎಂದಿನಂತೆ ತಡ. ಕಂಡಕ್ಟರ್ ಚೀಲ ಎತ್ತಿ ನೋಡಿ, “ಏನವಾ ಇದು, ಇಷ್ಟ ವಜ್ಜಾ?” ಅಂದ. “ನನ್ನ ಕುರ್ಚಿಯಪ್ಪಾ” ಅಂದೆ.

ಸಾಲೆಯ ಮೈದಾನದಲ್ಲಿ ಶಾಮಿಯಾನ. ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು, ನಮ್ಮದು ನಡುವೆ. ಅದರ ಪಕ್ಕದಲ್ಲಿ ಕಬ್ಬಿಣದ ಪಟ್ಟಿಯ ಕಾಲಿನ ಮೇಲೆ ದೊಡ್ಡ ಬೋರ್ಡು. ಅದೇ ಸುಳ್ಳು, ಈಗ ಗೋಡೆಯ ಮೇಲೆ ಇರುವುದು. ಸಾಹುಕಾರ ಒಂದು ಕೋಲು ಹಿಡಿದು ಕೊಂಡಿ ತೋರಿಸಿ ದೊಡ್ಡ ಮಂದಿಗೆ ಹೇಳುತ್ತಿದ್ದ: ಇಟಲಿಯಲ್ಲಿ ಈ ಕಡೆ ಹೆಂಡತಿ ಮಕ್ಕಳನ್ನು ಡಬ್ಬಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಅದಕ್ಕೆ ಈ ಕೊಂಡಿ, ಇಷ್ಟು ಗಟ್ಟಿ. ಯಜಮಾನರು ಹೊಸ ಅಂಗಿ ಹಾಕಿಕೊಂಡು ಗಾಡಿಯ ಹಿಂದೆ ನಿಂತಿದ್ದರು. ಗಂಗಾವತಿಯ ಮಿಸ್ತ್ರಿ ಸಾಹೇಬರೂ ನೋಡಲು ಬಂದಿದ್ದರು, ನನ್ನನ್ನು ಕಂಡವರೇ “ಅರೆ, ಭಾಭಿ!” ಅಂದರು. ಯಜಮಾನರು ಚೀಲ ನೋಡಿ ಮುಖ ತಿರುಗಿಸಿದರು.

ನಾನು ಚೀಲದಿಂದ ಹಲಗೆ ತೆಗೆದು ಕೊಂಡಿಯ ಮೇಲೆ ಇಟ್ಟೆ. ತೂತಿಗೆ ತೂತು ಕೂಡಿತು. ಚಪ್ಪಲಿ ಬಿಚ್ಚಿ ಒಂದು ಕಾಲು ಅದರ ಮೇಲಿಟ್ಟು ಸಾಹುಕಾರನ ಮುಖ ನೋಡಿದೆ.

“ಬಲಕ್ಕ ಯಾರ ಕುಂದ್ರತಾರ ಅಂದ್ರಲ್ಲ? ನೋಡ್ರಿ.”

ಅವನು ದಡ್ಡನಲ್ಲ. ಹಲಗೆ ನೋಡಿದ, ತೂತು ನೋಡಿದ, ಯಜಮಾನರ ಮುಖ ನೋಡಿದ. ತಿಳಿಯಿತು. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಅಂದ: “ಅಮ್ಮಾರ, ತಿಳಕೊಳ್ರಿ. ಇದು ನಿಮ್ಮದಂದ್ರ ಇಟಲಿದಲ್ಲ. ಇಟಲಿದಲ್ಲಂದ್ರ ಗಾಡಿಮ್ಯಾಲೆ ಇರಬಾರದು. ಗ್ಯಾಸ್ ಕಟರ್ ತರಿಸಿ ಕೊಯ್ಸಬೇಕಾಗತೈತಿ, ತೂತು ತುಂಬಸಬೇಕಾಗತೈತಿ. ಸೈಡ್‌ಕಾರಿಂದು ಅಂತನ ಇದ್ರ ಅದು ಹಂಗ ಉಳೀತೈತಿ. ನೀವು ಸುಮ್ಮನಿದ್ರ ಆತು.”

ಕೇಳಿದಿರಾ ನ್ಯಾಯ? ನನ್ನದೆಂದರೆ ಕತ್ತರಿಸುತ್ತಾನಂತೆ. ಎಂದೂ ಇಲ್ಲದ ಡಬ್ಬಿಯದೆಂದರೆ ಉಳಿಸುತ್ತಾನಂತೆ.

“ಕೊಯ್ಸಾಕ ಗಾಡಿ ನಿಮ್ಮದೇನ್ರಿ?” ಅಂದೆ. ನನ್ನ ದನಿ ಸಣ್ಣದಾಗಿರಲಿಲ್ಲ. ಶಾಮಿಯಾನದಲ್ಲಿ ಇದ್ದವರೆಲ್ಲ ತಿರುಗಿದರು. “ಸುಮ್ಮನಿರಾಕ ನನಗ ಬರೂದಿಲ್ಲ. ಇದು ಜೀಪಿನ ಪಾಟಾ. ಮುನಿರಾಬಾದಿನಾಗ ಇವ್ರ ಬಡದದ್ದು. ಇಟಲಿಯವ್ರು ಇದನ್ನ ಕಣ್ಣೀಲೆ ಕಂಡಿಲ್ಲ. ಏನ್ರಿ, ಈಗರ ಬಾಯಿ ಬಿಡ್ತೀರೋ ಇಲ್ಲೋ?”

ಯಜಮಾನರು ಗಾಡಿಯ ಹಿಂದಿನಿಂದ ಬಂದರು. ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅದನ್ನು ಅಲ್ಲಾಡಿಸಿ ನೋಡಿದರು.

“ಬೋಲ್ಟ್ ತಂದೀಯೇನು?”

ಅದು ಅವರ ಮೊದಲ ಮಾತು. ನನಗೆ ಮೈಯೆಲ್ಲ ಉರಿಯಿತು. “ಹಲಗಿನೂ ನಾ ತರಬೇಕು, ಬೋಲ್ಟೂ ನಾ ತರಬೇಕೇನು? ಫಿಟ್ಟರ್ ಯಾರು, ನಾನೋ ನೀವೋ?”

ಮಿಸ್ತ್ರಿ ಸಾಹೇಬರು ನಕ್ಕುಬಿಟ್ಟರು. ಯಜಮಾನರು ಸುತ್ತ ನೋಡಿದರು. ಆ ಗಾಡಿಯ ಮೈಮೇಲೆ ನಮ್ಮ ಕಡೆಯ ಬೋಲ್ಟು ಕೂರುವ ಜಾಗ ಇದ್ದದ್ದು ಅದೊಂದೇ, ಅಲ್ಲಿ ತೂತು ಕೊರೆದವರು ಅವರೇ, ಮೂರು ಸೂತಿನದು. ಅವರ ಕಣ್ಣು ಸಾಹುಕಾರನ ಬೋರ್ಡಿನ ಕಾಲಿನ ಮೇಲೆ ನಿಂತಿತು. ಅಲ್ಲಿಯೂ ಮೂರು ಸೂತಿನ ಬೋಲ್ಟು. ಎದ್ದರು, ಮಿಸ್ತ್ರಿ ಸಾಹೇಬರ ಕಿಸೆಯಿಂದ ಪಾನಾ ಇಸಿದುಕೊಂಡು ಬೋರ್ಡು ಬಿಚ್ಚತೊಡಗಿದರು.

“ಮಿಸ್ತ್ರಿಯವರ! ಏನ ಮಾಡಾಕತ್ತೀರಿ?” ಸಾಹುಕಾರ ಕೂಗಿದ.

“ಬೋಲ್ಟ್ ತಗೊಳ್ಳಾಕತ್ತೀನ್ರಿ.”

ಬೋರ್ಡನ್ನು ಮಿಸ್ತ್ರಿ ಸಾಹೇಬರು ಹಿಡಿದುಕೊಂಡು ಕಾಂಪೌಂಡಿಗೆ ಒರಗಿಸಿದರು. ಯಜಮಾನರು ಹಲಗೆಗೆ ಬೋಲ್ಟು ಹಾಕಿ ಬಿಗಿದರು. ಸಾಹುಕಾರನ ಮುಖ ಕೆಂಪಾಯಿತು. ಹಾಗಾದರೆ ಈ ಗಾಡಿ ನನ್ನ ಸಾಲಿನಲ್ಲಿ ಬೇಡ, ನನ್ನ ಕಾರ್ಬೊರೇಟರ್ ಈಗಲೇ ಬಿಚ್ಚಿ ಕೊಡ್ರಿ ಅಂದ. ಅದು ಅವನ ವಸ್ತು, ಕೇಳಿದ್ದರಲ್ಲಿ ತಪ್ಪಿಲ್ಲ.

“ಕೊಡ್ತೀನ್ರಿ. ತಾವರಗೇರಾಕ್ಕ ಹೋಗಿ ಬಂದು ಕೊಡ್ತೀನಿ” ಅಂದರು ಯಜಮಾನರು. ಎಡಗಾಲಿನಿಂದ ಕಿಕ್ ಹೊಡೆದರು. ಒಂದೇ ಹೊಡೆತಕ್ಕೆ ಎದ್ದಿತು.

ನಾನು ಹತ್ತಿ ಕೂತೆ. ಬಲಗಡೆ.

ಹಿಟ್ನಾಳ ದಾಟಿ ಕುಷ್ಟಗಿಯ ದಾರಿ ಹಿಡಿದೆವು. ಸೈಲೆನ್ಸರಿನ ಮರೆ ಮನೆಯಲ್ಲೇ ಉಳಿದಿತ್ತು. ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಕೂತೆ. ಅದೇ ಲಾರಿಗಳು, ಅದೇ ಹಲ್ಲು, ಅದೇ ಧೂಳು. ಹಿಡಿಕೆ ಇಲ್ಲದ್ದರಿಂದ ಅವರ ಹೊಸ ಅಂಗಿಯನ್ನೇ ಹಿಡಿದೆ, ಹರಿದರೆ ಹರಿಯಲಿ ಅಂತ. ಕುಷ್ಟಗಿಯಲ್ಲಿ ಚಹಾಕ್ಕೆ ನಿಂತಾಗ ಅವರು ಬಾಯಿ ಬಿಟ್ಟರು.

“ಅವತ್ತ ಸೈಡ್‌ಕಾರ್ ಅಂದಿದ್ದಕ್ಕ ಅದು ಉಳೀತು. ನಿಂದು ಅಂದಿದ್ರ ಅವತ್ತ ಕಸದ ಗುಂಪಿಗೆ ಹೋಗತಿತ್ತು. ತಿಳೀತೇನು?”

“ಹಂಗಿದ್ರ ನನಗ್ಯಾಕ ಹೇಳಲಿಲ್ಲ?”

“ನಿನಗ ಹೇಳಿದ್ರ ಹೊಸಪ್ಯಾಟಿತನಕ ಕೇಳಸ್ತಿತ್ತು.”

“ಮತ್ತ ಬೋರ್ಡಿನ ಬಾಜೂಕ ಹೊಸಾ ಅಂಗಿ ಹಾಕ್ಕೊಂಡು ನಿಂತಿದ್ದು ಯಾಕ? ಕೊಂಡಿ ಕಾಯಾಕೇನು?”

ಅವರು ಚಹಾ ಬಸಿಗೆ ಸುರಿದುಕೊಂಡು ಕುಡಿದರು. ಅವರ ಮಾತನ್ನು ನಾನು ಅಂದು ನಂಬಲಿಲ್ಲ. ಅವರು ತೀರಿಹೋಗಿ ವರ್ಷಗಳಾದವು, ಈಗಲೂ ನಂಬಿಲ್ಲ. ತಗಡಿನ ಮರೆಯನ್ನು ಕಸದಿಂದ ಎತ್ತಿಟ್ಟದ್ದು ನಿಜ. ಬಾಯಿ ಬಿಟ್ಟು ಇದು ಇವಳದು ಅನ್ನದೆ ಇದ್ದದ್ದೂ ನಿಜ.

ತಾವರಗೇರಾದಲ್ಲಿ ಮಗಳ ಮನೆಯ ಮುಂದೆ ಗಾಡಿ ನಿಂತಿತು. ನಾನು ರಸ್ತೆಯ ನಡುವೆ ಇಳಿದೆ. ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯವನು ಬಯ್ದ, ನಾನೂ ಬಯ್ದೆ. ಮಗಳು ಹೊರಗೆ ಬಂದು ಬಾಯಿ ಮೇಲೆ ಕೈಯಿಟ್ಟು ನಕ್ಕಳು.

“ಯವ್ವಾ, ಇನ್ನೂ ಉಲ್ಟಾನ ಕುಂದ್ರತೀಯಲ್ಲ!”

“ಈ ಗಾಡಿಗಿ ಇದ ನೆಟ್ಟಗ” ಅಂದೆ. “ನೀರ ಕೊಡು ಮೊದಲ.”

ಮುಂದಿನ ವಾರ ಯಜಮಾನರು ಕಾರ್ಬೊರೇಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಸಾಹುಕಾರನಿಗೆ ಮುಟ್ಟಿಸಿ ಬಂದರು, ಬೋರ್ಡಿನ ಬೋಲ್ಟುಗಳನ್ನು ಮಾತ್ರ ಕೊಡಲಿಲ್ಲ. ಮಿಸ್ತ್ರಿ ಸಾಹೇಬರು ಯಾವುದೋ ಸ್ಕೂಟರಿನ ಕಾರ್ಬೊರೇಟರ್ ಹಾಕಿ ಹೊಂದಿಸಿದರು. ಗಾಡಿ ಹೊಗೆ ಬಿಡುತ್ತಿತ್ತು, ಏರಿನಲ್ಲಿ ಕೆಮ್ಮುತ್ತಿತ್ತು. ಆದರೂ ಅವರಿಗೆ ಕಣ್ಣು ಕಾಣುವ ತನಕ ಅದರ ಮೇಲೆಯೇ ತಾವರಗೇರಾಕ್ಕೆ ಹೋದೆವು.

ಸಾಹುಕಾರ ಆ ಬೋರ್ಡಿನ ಮಾತನ್ನು ಬಿಡಲಿಲ್ಲ. ನನ್ನ ಕಾಲನ್ನು ಕಣ್ಣಾರೆ ಕಂಡವನು, ಅದೇ ಮಾತನ್ನು ಫೋಟೊದ ಕೆಳಗೆ ಬರೆಸಿ ತೂಗುಹಾಕಿದ್ದಾನೆ. ಗೊತ್ತಿಲ್ಲದೆ ಹೇಳಿದ್ದನ್ನು ನಾನು ಎಂದೋ ಮರೆಯುತ್ತಿದ್ದೆ. ಇದು ಗೊತ್ತಿದ್ದು ಬರೆಸಿದ್ದು.

ಮೊಮ್ಮಗಳು ಫೋನಿನಲ್ಲಿ ಆ ಫೋಟೊ ತೆಗೆದುಕೊಂಡು ಬಂದಿದ್ದಳು. ಕನ್ನಡಕ ಹಾಕಿಕೊಂಡು ನೋಡಿದೆ. ಗಾಡಿ ಹೊಳೆಯುತ್ತದೆ. ಬಲಗಡೆ ಕೊಂಡಿ ಕಾಣುತ್ತದೆ, ಅದರ ಮೇಲೆ ಹಲಗೆ ಇಲ್ಲ. ಅದು ಪ್ರದರ್ಶನದ ದಿನ ಬೆಳಿಗ್ಗೆ ತೆಗೆದದ್ದು. ನಾನು ಆಗ ಹಿಟ್ನಾಳದಲ್ಲಿ ಚೀಲ ಹಿಡಿದು ನಿಂತಿದ್ದೆ, ಬಸ್ಸು ಬಂದಿರಲಿಲ್ಲ.